ವಿಡಿಯೊ ಹಾಕಿ, ನಿಲ್ಲಿಸಿ, ಹೊರಗೆ ಕರೆದುಕೊಂಡು ಹೋಗಿ: ಮಕ್ಕಳಿಗೆ ಭೂಮಿ, ಆಕಾಶದ ಪಾಠ ಮಾಡುವ ಬಗೆ

ಸೌರವ್ಯೂಹದ ಮೇಲೆ ವಿಡಿಯೊಗಳಿಗೇನೂ ಬರವಿಲ್ಲ. ಫೋನ್ ಕೈಗೆ ಸಿಕ್ಕರೆ ನಾಲ್ಕನೇ ಕ್ಲಾಸಿನ ಮಗು ಕೂಡ ಕಪ್ಪುಕುಳಿ, ಧೂಮಕೇತು, ಡೈನೋಸಾರ್‌ಗಳು ಅಳಿದ ಕಥೆ ಎಲ್ಲವನ್ನೂ ಒಂದೇ ಸಂಜೆಯಲ್ಲಿ ನೋಡಿ ಮುಗಿಸುತ್ತದೆ. ಆಮೇಲೆ "ಇವತ್ತು ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ?" ಅಂತ ಕೇಳಿ. ಸುಮ್ನೆ ನಿಮ್ಮ ಮುಖ ನೋಡುತ್ತದೆ. ತಪ್ಪು ಮಗುವಿನದಲ್ಲ. ವಿಡಿಯೊದಲ್ಲಿ ಕಂಡ ಚಂದ್ರ, ತಾರಸಿ ಮೇಲೆ ಕಾಣುವ ಚಂದ್ರ ಎರಡೂ ಒಂದೇ ಅಂತ ಅದಕ್ಕೆ ಯಾರೂ ಜೋಡಿಸಿ ತೋರಿಸಿಲ್ಲ, ಅಷ್ಟೇ.

ಆ ಜೋಡಿಸುವ ಕೆಲಸ ಹೇಗೆ ಮಾಡುವುದು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. 6ರಿಂದ 13 ವರ್ಷದ ಮಕ್ಕಳಿಗೆ ಪಾಠ ಮಾಡುವ ಶಿಕ್ಷಕರು, ಮನೆಯಲ್ಲಿ ಕೂತು ಹೇಳಿಕೊಡುವ ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲರಿಗೂ ಇದು ನಡೆಯುತ್ತದೆ. ನಾನು ಪಾಲಿಸುವ ನಿಯಮ ಒಂದೇ: ಹೊರಗೆ ಹೋಗಿ ನೋಡಬಹುದಾದ್ದಕ್ಕೆ ವಿಡಿಯೊ ಬೇಡ, ಕೈಯಲ್ಲಿ ಮುಟ್ಟಬಹುದಾದ್ದಕ್ಕೂ ಬೇಡ. ಎರಡೂ ಆಗದ್ದಕ್ಕೆ ಮಾತ್ರ ವಿಡಿಯೊ. ಚಂದ್ರನ ಇಡೀ ವರ್ಷವನ್ನು ಐದು ನಿಮಿಷದಲ್ಲಿ ನೋಡಲು, ಸಮುದ್ರದಡಿ ಲಾವಾ ಗಟ್ಟಿಯಾಗುವುದನ್ನು ನೋಡಲು, 400 ಕಿ.ಮೀ. ಮೇಲಿನಿಂದ ಭೂಮಿ ನೋಡಲು ಪರದೆಯೇ ಬೇಕು. ಮರಳು ಬಿಸಿಯಾಗುವುದನ್ನು ನೋಡಲು ಬೇಡ.

ಹೆಜ್ಜೆ 1: ಕ್ಯಾಲೆಂಡರ್ ನೋಡಿ ವಿಷಯ ಆರಿಸಿ

ಪಠ್ಯಪುಸ್ತಕದಲ್ಲಿ ಗ್ರಹಣದ ಪಾಠ ಯಾವಾಗಲೋ ಬರುತ್ತದೆ, ಆಕಾಶದಲ್ಲಿ ಗ್ರಹಣ ಇನ್ಯಾವಾಗಲೋ ಆಗುತ್ತದೆ. ಸಾಧ್ಯವಾದರೆ ಆಕಾಶದ ಲೆಕ್ಕಕ್ಕೆ ಹೋಗಿ. ಮುಂಗಾರಿನ ಪಾಠ ಮೇ ಕೊನೆಗೆ, ಜೂನ್ ಮೊದಲಿಗೆ. ಚಂದ್ರಯಾನ ಆಗಸ್ಟ್ 23ರ ಆಸುಪಾಸಿನಲ್ಲಿ, ಅವತ್ತು ರಾಷ್ಟ್ರೀಯ ಬಾಹ್ಯಾಕಾಶ ದಿನ. ನಕ್ಷತ್ರಗಳ ಪಾಠ ಡಿಸೆಂಬರ್, ಜನವರಿಯಲ್ಲಿ. ಆಗ ಆಕಾಶ ಶುಭ್ರವಾಗಿರುತ್ತದೆ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ನಾಲ್ಕೂ ಊಟದ ಹೊತ್ತಿಗೆ ಪೂರ್ವದಲ್ಲಿ ಒಂದರ ಹಿಂದೆ ಒಂದು ಮೇಲೇರಿರುತ್ತವೆ. ಇವು ಮಳೆ ನಕ್ಷತ್ರಗಳ ಹೆಸರೂ ಹೌದು ಅಲ್ವಾ? "ರೋಹಿಣಿ ಮಳೆಯಾದರೆ ಓಣಿ ತುಂಬಾ ಜೋಳ" ಅನ್ನುವ ರೈತರ ಮಾತಿನ ಹಿಂದೆ ಇರುವುದು ಖಗೋಳವೇ. ಸೂರ್ಯ ಆಗ ರೋಹಿಣಿಯ ದಿಕ್ಕಿನಲ್ಲಿ ಇರುತ್ತಾನೆ. ಅದಕ್ಕೇ ರೋಹಿಣಿ ಮಳೆ ಬರುವಾಗ ರೋಹಿಣಿ ನಕ್ಷತ್ರ ಕಾಣುವುದಿಲ್ಲ, ಅದು ಹಗಲಿನ ಆಕಾಶದಲ್ಲಿರುತ್ತದೆ. ದೊಡ್ಡ ಮಕ್ಕಳಿಗೆ ಇದನ್ನು ಒಗಟಿನಂತೆ ಕೇಳಿ ನೋಡಿ, ಬಿಡದೆ ತಲೆ ಕೆಡಿಸಿಕೊಳ್ಳುತ್ತಾರೆ.

ಗೋಡೆಗೆ ನೇತುಹಾಕಿದ ಕ್ಯಾಲೆಂಡರನ್ನು ಪಾಠದ ಸಾಮಗ್ರಿ ಅಂತಲೇ ತಿಳಿಯಿರಿ. ಅದರಲ್ಲಿ ತಿಥಿ ಇದೆ. ಪಾಡ್ಯ, ಬಿದಿಗೆ, ತದಿಗೆ ಅಂದರೆ ಚಂದ್ರ ಸೂರ್ಯನಿಂದ ಎಷ್ಟು ದೂರ ಸರಿದಿದ್ದಾನೆ ಅನ್ನುವ ಲೆಕ್ಕ. ಒಂದೊಂದು ತಿಥಿಗೆ 12 ಡಿಗ್ರಿ. 30 ತಿಥಿಗೆ ಒಂದು ಸುತ್ತು.

ಹೆಜ್ಜೆ 2: ವಿಡಿಯೊ ಎಲ್ಲಿಂದ ತರುವುದು

ಹುಡುಕುವ ಪೆಟ್ಟಿಗೆಯಲ್ಲಿ ಬರೀ "ಚಂದ್ರ" ಅಂತ ಹೊಡೆದರೆ ಜ್ಯೋತಿಷ್ಯದಿಂದ ಹಿಡಿದು ಅನ್ಯಗ್ರಹ ಜೀವಿಗಳವರೆಗೆ ಎಲ್ಲವೂ ಬರುತ್ತದೆ. ಮೂಲದಿಂದಲೇ ತೆಗೆದುಕೊಳ್ಳುವುದು ಒಳ್ಳೆಯದು.

ನಾಸಾದ ಸೈಂಟಿಫಿಕ್ ವಿಶುವಲೈಸೇಶನ್ ಸ್ಟುಡಿಯೊ ಪ್ರತಿ ವರ್ಷ ಆ ವರ್ಷದ ಚಂದ್ರನ ಕಲೆಗಳನ್ನು (ದಿನಾ ಬೆಳೆದು ಸವೆಯುವ ಆಕಾರಗಳನ್ನು) ಗಂಟೆ ಗಂಟೆಗೆ ಲೆಕ್ಕ ಹಾಕಿ ಒಂದು ವಿಡಿಯೊ ಮಾಡುತ್ತದೆ. ಉಚಿತ, ಇಳಿಸಿಕೊಳ್ಳಬಹುದು. ಇಸ್ರೋ ಚಾನೆಲ್‌ನಲ್ಲಿ ಉಡಾವಣೆ, ಚಂದ್ರಯಾನ, ಸೂರ್ಯನನ್ನು ಗಮನಿಸುವ ಆದಿತ್ಯ ನೌಕೆಯ ವಿಡಿಯೊಗಳಿವೆ. ಜ್ವಾಲಾಮುಖಿ, ಲಾವಾ ಬೇಕಾದರೆ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಹವಾಯಿಯಲ್ಲಿ ತೆಗೆದ ನಿಜವಾದ ದೃಶ್ಯಗಳಿವೆ. ಮೋಡ, ಮಳೆಗೆ ನಮ್ಮ ಹವಾಮಾನ ಇಲಾಖೆಯ ಜಾಲತಾಣವೇ ಸಾಕು. ಅಲ್ಲಿ ಇನ್ಸಾಟ್ ಉಪಗ್ರಹದ ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸಿ ತೋರಿಸುತ್ತಾರೆ. ಕೈಯಿಂದ ಮಾಡುವ ಪ್ರಯೋಗಗಳಿಗೆ ಅರವಿಂದ ಗುಪ್ತಾ ಅವರ ಆಟಿಕೆಗಳ ವಿಡಿಯೊಗಳು. ಪಠ್ಯಕ್ಕೆ ನೇರವಾಗಿ ಹೊಂದುವಂಥದ್ದು ಬೇಕಾದರೆ ದೀಕ್ಷಾ ಆ್ಯಪ್. ಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ಆ ಪಾಠಕ್ಕೆ ಸೇರಿದ್ದು ತೆರೆಯುತ್ತದೆ.

ಹೆಚ್ಚಿನವು ಇಂಗ್ಲಿಷ್‌ನಲ್ಲಿವೆ ಅಂತ ಚಿಂತೆ ಬೇಡ. ದನಿ ತೆಗೆದುಬಿಡಿ. ನೀವೇ ಕನ್ನಡದಲ್ಲಿ ಮಾತಾಡಿ. ನನಗಂತೂ ಇದೇ ಜಾಸ್ತಿ ಇಷ್ಟ. ವಿಡಿಯೊದ ಹಿನ್ನೆಲೆ ಸಂಗೀತವೂ ಹೋಗುತ್ತದೆ, ಮಕ್ಕಳು ಪ್ರಶ್ನೆ ಕೇಳಲು ಜಾಗವೂ ಸಿಗುತ್ತದೆ. ತಾನಾಗಿ ಅನುವಾದವಾಗುವ ಕನ್ನಡ ಅಡಿಬರಹವನ್ನು ಮಾತ್ರ ನಂಬಬೇಡಿ, ಅರ್ಥವೇ ತಿರುಗಿ ಹೋಗಿರುತ್ತದೆ.

ಹೆಜ್ಜೆ 3: ಮಕ್ಕಳಿಗಿಂತ ಮೊದಲು ನೀವು ನೋಡಿ, ತಪ್ಪು ಹುಡುಕಿ

ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಚೆನ್ನಾಗಿ ಮಾಡಿದ ವಿಡಿಯೊಗಳಲ್ಲೂ ಕೆಲವು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ಅವು ಮಗುವಿನ ತಲೆಯಲ್ಲಿ ಕೂತರೆ ಬಿಡಿಸುವುದು ಕಷ್ಟ.

ಮೊದಲನೆಯದು ಅಳತೆ. ಒಂದೇ ಪರದೆಯಲ್ಲಿ ಭೂಮಿ, ಚಂದ್ರ ಎರಡನ್ನೂ ತೋರಿಸಬೇಕಲ್ಲ, ಅದಕ್ಕೆ ಪಕ್ಕಪಕ್ಕದಲ್ಲೇ ಇಡುತ್ತಾರೆ. ನಿಜವಾದ ದೂರ 3,84,400 ಕಿ.ಮೀ. ಅಂದರೆ ನಡುವೆ 30 ಭೂಮಿಗಳನ್ನು ಸಾಲಾಗಿ ಇಡುವಷ್ಟು ಜಾಗ.

ಎರಡನೆಯದು ಭೂಮಿಯ ಕಕ್ಷೆ. ಓರೆಯಿಂದ ತೋರಿಸುವುದರಿಂದ ಅದು ಉದ್ದನೆಯ ಮೊಟ್ಟೆಯ ಹಾಗೆ ಕಾಣುತ್ತದೆ. ಮಗು ತಕ್ಷಣ "ಸೂರ್ಯನ ಹತ್ತಿರ ಹೋದಾಗ ಬೇಸಿಗೆ" ಅಂದುಕೊಳ್ಳುತ್ತದೆ. ನಿಜದಲ್ಲಿ ಕಕ್ಷೆ ಹೆಚ್ಚುಕಡಿಮೆ ವೃತ್ತವೇ. ಭೂಮಿ ಸೂರ್ಯನಿಗೆ ತೀರ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ತೀರ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, 15.2 ಕೋಟಿ ಕಿ.ಮೀ. ಜನವರಿಯಲ್ಲಿ ನಾವು ಶಾಲು ಹೊದ್ದುಕೊಂಡಿರುತ್ತೇವೆ. ಋತುಗಳಿಗೆ ಕಾರಣ ಭೂಮಿಯ 23.5 ಡಿಗ್ರಿ ವಾಲಿಕೆ.

ಋತು ಅಂದೆನಲ್ಲ, ಇನ್ನೊಂದು ತೊಡಕು ಅಲ್ಲೇ ಇದೆ. ಹೊರದೇಶದ ವಿಡಿಯೊಗಳಲ್ಲಿ ಋತು ನಾಲ್ಕು. ಎಲೆ ಕೆಂಪಾಗಿ ಉದುರುತ್ತದೆ, ಹಿಮ ಬೀಳುತ್ತದೆ, ಜೂನ್ ಅಂದರೆ ಬಿಸಿಲು. ನಮ್ಮ ಮಗುವಿಗೆ ಜೂನ್ ಅಂದರೆ ಛತ್ರಿ. ಇಲ್ಲಿ ಸೆಕೆ ಏಪ್ರಿಲ್, ಮೇನಲ್ಲೇ ಏರುತ್ತದೆ. ಏಕೆಂದರೆ ಸೂರ್ಯ ಆಗಲೇ ನೆತ್ತಿಗೆ ಬಂದಿರುತ್ತಾನೆ, ಜೂನ್ ಹೊತ್ತಿಗೆ ಮೋಡ ಮುಚ್ಚಿ ತಂಪಾಗುತ್ತದೆ. ಇದನ್ನು ನೀವು ಹೇಳದಿದ್ದರೆ ವಿಡಿಯೊ ಹೇಳುವುದಿಲ್ಲ.

ಇನ್ನೊಂದು, ಭೂಮಿಯ ಒಳಗೆಲ್ಲ ಕೆಂಪು ಲಾವಾ ಕುದಿಯುತ್ತಿದೆ ಅನ್ನುವ ಚಿತ್ರ. ಚಿಪ್ಪಿನ ಕೆಳಗಿನ ಮ್ಯಾಂಟಲ್ ಬಹುಪಾಲು ಗಟ್ಟಿ ಬಂಡೆಯೇ. ಬಿಸಿ ಇದೆ, ಒತ್ತಡ ಇದೆ, ತುಂಬಾ ನಿಧಾನವಾಗಿ ಹರಿಯುತ್ತದೆ. ಅಲ್ಲಲ್ಲಿ ಮಾತ್ರ ಕರಗಿರುತ್ತದೆ. ದ್ರವವಾಗಿರುವುದು ಇನ್ನೂ ಕೆಳಗಿನ ಹೊರಗರ್ಭ. ಹಾಗೆಯೇ ಮಂಗಳ, ಗುರು ಗ್ರಹಗಳ ನಡುವೆ ಇರುವ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಕಲ್ಲುಗಳು ಒತ್ತೊತ್ತಾಗಿ ಇಲ್ಲ, ನೌಕೆಗಳು ಆರಾಮಾಗಿ ದಾಟಿ ಹೋಗಿವೆ. ಬಾಹ್ಯಾಕಾಶದಲ್ಲಿ ಸ್ಫೋಟದ ಶಬ್ದವೂ ಕೇಳಿಸುವುದಿಲ್ಲ.

ತಪ್ಪಿದೆ ಅಂತ ವಿಡಿಯೊ ಎಸೆಯಬೇಕಿಲ್ಲ. "ಇದರಲ್ಲಿ ಒಂದು ತಪ್ಪಿದೆ, ಹುಡುಕಿ" ಅಂತ ಮಕ್ಕಳಿಗೇ ಬಿಡಿ. ಆವತ್ತು ಕ್ಲಾಸು ಎಷ್ಟು ಗಮನ ಕೊಟ್ಟು ನೋಡುತ್ತದೆ ನೋಡಿ.

ಹೆಜ್ಜೆ 4: ಮೂರ್ನಾಲ್ಕು ನಿಮಿಷಕ್ಕೆ ಕತ್ತರಿಸಿ

ಇಪ್ಪತ್ತು ನಿಮಿಷದ ವಿಡಿಯೊದಲ್ಲಿ ನಿಮಗೆ ಬೇಕಾದ್ದು ಮೂರು ನಿಮಿಷ. ಎಲ್ಲಿಂದ ಎಲ್ಲಿಯವರೆಗೆ ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲೆಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಬರೆಯಿರಿ. ಹಳ್ಳಿ ಶಾಲೆಯಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ, ಹಿಂದಿನ ದಿನವೇ ಇಳಿಸಿಕೊಂಡಿರಿ. ಆಟೊಪ್ಲೇ ಆಫ್ ಮಾಡಿ. ಫೋನ್ ಒಂದೇ ಇದ್ದರೆ ನಾಲ್ಕೈದು ಮಕ್ಕಳ ಗುಂಪು ಸಾಕು. ಉಳಿದವರಿಗೆ ಅಷ್ಟರಲ್ಲಿ ಕೈಕೆಲಸ ಕೊಡಿ, ಆಮೇಲೆ ಅದಲು ಬದಲು ಮಾಡಿ.

ಹೆಜ್ಜೆ 5: ಮೊದಲು ಊಹೆ, ಆಮೇಲೆ ವಿಡಿಯೊ

1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಡೇಗೆ ಹಕ್ಕಿಯ ಗರಿ ಹಿಡಿದು ಒಟ್ಟಿಗೆ ಕೈಬಿಟ್ಟರು. ಒಂದು ನಿಮಿಷದ ಆಸುಪಾಸಿನ ವಿಡಿಯೊ ಅದು. ಹಾಗೇ ತೋರಿಸಿಬಿಟ್ಟರೆ ಮಕ್ಕಳು "ಹೂಂ" ಅಂದು ಸುಮ್ಮನಾಗುತ್ತಾರೆ.

ಹೀಗೆ ಮಾಡಿ. ಮೊದಲು ಒಂದು ಪುಸ್ತಕ, ಒಂದು ಹಾಳೆ ತೆಗೆದುಕೊಂಡು ಬೀಳಿಸಿ. ಹಾಳೆ ನಿಧಾನ. ಅದೇ ಹಾಳೆಯನ್ನು ಉಂಡೆ ಮಾಡಿ ಮತ್ತೆ ಬೀಳಿಸಿ. ಈಗ ಎರಡೂ ಹೆಚ್ಚುಕಡಿಮೆ ಒಟ್ಟಿಗೆ. ಹಾಳೆಯ ತೂಕ ಬದಲಾಯಿತಾ? ಇಲ್ಲ. ಮತ್ತೇನು ಬದಲಾಯಿತು? ಹಾಳೆಯನ್ನು ಪುಸ್ತಕದ ಮೇಲೇ ಅಂಟಿದಂತೆ ಇಟ್ಟು ಬೀಳಿಸಿದರೆ? ಇಷ್ಟಾದ ಮೇಲೆ ವಿಡಿಯೊ ಹಾಕಿ, ಸ್ಕಾಟ್ ಎರಡೂ ಕೈ ಎತ್ತಿದ ಕೂಡಲೇ ನಿಲ್ಲಿಸಿ. ಯಾವುದು ಮೊದಲು ಬೀಳುತ್ತದೆ? ಕೈ ಎತ್ತಿಸಿ, ಬೋರ್ಡಿನ ಮೇಲೆ ಲೆಕ್ಕ ಬರೆಯಿರಿ. ಸುತ್ತಿಗೆ ಇಷ್ಟು, ಗರಿ ಇಷ್ಟು, ಎರಡೂ ಒಟ್ಟಿಗೆ ಇಷ್ಟು ಅಂತ. ಆಮೇಲೆ ಬಟನ್ ಒತ್ತಿ. ಪಣ ಕಟ್ಟಿದವರು ನೋಡುವ ನೋಟವೇ ಬೇರೆ.

ಇನ್ನೊಂದು ಸಲ ನಿಧಾನವಾಗಿ ಓಡಿಸಿ. ಬೀಳುವುದು ಒಟ್ಟಿಗೆ, ಆದರೆ ಇಲ್ಲಿಗಿಂತ ಮೆಲ್ಲಗೆ. ಚಂದ್ರನ ಎಳೆತ ಭೂಮಿಯದರ ಆರನೇ ಒಂದು ಭಾಗ. ಗಾಳಿ ಇಲ್ಲ ಅನ್ನುವುದು ಒಂದು ಸಂಗತಿ, ಎಳೆತ ಕಡಿಮೆ ಅನ್ನುವುದು ಇನ್ನೊಂದು. ಮಕ್ಕಳು ಎರಡನ್ನೂ ಕಲಸಿಬಿಡುತ್ತಾರೆ, ಬಿಡಿಸಿ ಹೇಳಿ.

ಹೆಜ್ಜೆ 6: ಚಂದ್ರನ ಪಾಠ, ಪೂರ್ತಿಯಾಗಿ

ಒಂದು ವಿಷಯವನ್ನಾದರೂ ಆಳವಾಗಿ ಮಾಡಬೇಕು ಅಂದರೆ ನಾನು ಚಂದ್ರನನ್ನೇ ಆರಿಸುತ್ತೇನೆ. ಖರ್ಚಿಲ್ಲ, ಎಲ್ಲರ ಮನೆ ಮೇಲೂ ಇದ್ದಾನೆ. ಯುಗಾದಿಯ ಮಾರನೇ ದಿನ ಶುರು ಮಾಡಿದರೆ ಇನ್ನೂ ಚೆಂದ. ಹೇಗೂ ಊರೆಲ್ಲ ಪಡುವಣಕ್ಕೆ ತಿರುಗಿ ಚಂದ್ರನನ್ನು ಹುಡುಕುತ್ತಿರುತ್ತದೆ.

ಎರಡು ವಾರ ವಿಡಿಯೊ ಬೇಡ. ಮಗು ದಿನಾ ಸಂಜೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಂತು ಚಂದ್ರನ ಚಿತ್ರ ಬರೆಯಲಿ. ಪಕ್ಕದಲ್ಲಿ ತೆಂಗಿನ ಮರವೋ ನೀರಿನ ಟ್ಯಾಂಕೋ ಏನಾದರೂ ಗುರುತು ಇರಲಿ. ಕ್ಯಾಲೆಂಡರ್ ನೋಡಿ ತಿಥಿ ಬರೆದುಕೊಳ್ಳಲಿ. ಬಿದಿಗೆಯ ಚಂದ್ರ ಪಶ್ಚಿಮದಲ್ಲಿ ಕೆಳಗೆ, ಅಷ್ಟಮಿಯ ಚಂದ್ರ ಸೂರ್ಯ ಮುಳುಗುವಾಗ ನೆತ್ತಿಯ ಹತ್ತಿರ, ಹುಣ್ಣಿಮೆಯವನು ಆಗಷ್ಟೇ ಪೂರ್ವದಲ್ಲಿ. ಈ ಓಟ ಮಗುವಿಗೆ ತಾನಾಗಿ ಕಾಣಬೇಕು.

ಇದಾದ ಮೇಲೆ ನಾಸಾದ ಆ ವರ್ಷದ ವಿಡಿಯೊ ಹಾಕಿ. ನಮ್ಮ ಶಾಲೆಯಲ್ಲಿ ಇದನ್ನು ನೋಡುತ್ತಿದ್ದಾಗ ಹುಡುಗಿಯೊಬ್ಬಳು ತಡೆದಳು. "ಮಿಸ್, ನಮ್ಮ ಚಂದ್ರ ಹೀಗೆ ನಿಂತಿರಲ್ಲ, ಮಲಗಿರ್ತಾನೆ." ತನ್ನ ಪುಸ್ತಕ ತೆಗೆದು ತೋರಿಸಿದಳು. ಅವಳು ಬರೆದ ಬಿದಿಗೆ ಚಂದ್ರ ದೋಣಿಯ ಹಾಗೆ ಎರಡು ತುದಿ ಮೇಲೆ ಮಾಡಿ ಕೂತಿತ್ತು. ಪರದೆ ಮೇಲಿನದು ಕುಡುಗೋಲಿನ ಹಾಗೆ ಎದ್ದು ನಿಂತಿತ್ತು. ಅವಳದೇ ಸರಿ. ವಿಡಿಯೊದಲ್ಲಿ ಉತ್ತರವನ್ನು ಮೇಲೆ ಮಾಡಿ ತೋರಿಸುತ್ತಾರೆ. ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ, ಹಾಗಾಗಿ ಚಂದ್ರನಿಗೆ ಬೆಳಕು ಕೆಳಗಿನಿಂದ ಬೀಳುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಎರಡು ವಾರ ಚಿತ್ರ ಬರೆಯದೇ ಇದ್ದಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ.

ವಿಡಿಯೊದಲ್ಲಿ ಚಂದ್ರ ಸ್ವಲ್ಪ ದೊಡ್ಡದಾಗಿ, ಮತ್ತೆ ಚಿಕ್ಕದಾಗುವುದನ್ನೂ, ತಲೆ ಅಲ್ಲಾಡಿಸಿದಂತೆ ತೂಗುವುದನ್ನೂ ಗಮನಿಸಲು ಹೇಳಿ. ದೊಡ್ಡದು ಚಿಕ್ಕದಾಗುವುದಕ್ಕೆ ಕಾರಣ, ಅವನ ದೂರ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ವಿಡಿಯೊದ ಲಾಭ ಇಲ್ಲೇ.

ಈಗ ಕೈಕೆಲಸ. ಕೋಣೆ ಕತ್ತಲು ಮಾಡಿ, ಒಂದು ಬಲ್ಬ್ ಮಾತ್ರ ಉರಿಯಲಿ. ನಿಂಬೆಹಣ್ಣನ್ನು ಪೆನ್ಸಿಲ್ ತುದಿಗೆ ಚುಚ್ಚಿ ಮಗುವಿನ ಕೈಗೆ ಕೊಡಿ. ಬಲ್ಬ್ ಸೂರ್ಯ, ಮಗುವಿನ ತಲೆ ಭೂಮಿ, ನಿಂಬೆಹಣ್ಣು ಚಂದ್ರ. ಬಲ್ಬಿನ ಕಡೆಗೆ ಕೈ ಚಾಚಿ ಹಿಡಿದರೆ ನಮ್ಮ ಕಡೆಯ ಮುಖ ಪೂರ್ತಿ ಕತ್ತಲು: ಅಮಾವಾಸ್ಯೆ. ಎಡಕ್ಕೆ ಮೆಲ್ಲಗೆ ತಿರುಗಲು ಹೇಳಿ. ಬಲ ಅಂಚಿನಲ್ಲಿ ಬೆಳಕಿನ ಗೆರೆ ಮೂಡುತ್ತದೆ, ಅದು ಬಿದಿಗೆ, ತದಿಗೆ. ಕಾಲು ಸುತ್ತು ತಿರುಗಿದರೆ ಅರ್ಧ ಬೆಳಕು, ಅಷ್ಟಮಿ. ಬಲ್ಬಿಗೆ ಬೆನ್ನು ಹಾಕಿ, ಹಣ್ಣನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿದರೆ ಹುಣ್ಣಿಮೆ. ಹಣ್ಣನ್ನು ಕೆಳಗಿಳಿಸಿ ತಲೆಯ ನೆರಳಿಗೆ ತಂದರೆ ಗ್ರಹಣ.

ಇಲ್ಲಿ ನಿಲ್ಲಿಸಿ. ಚಂದ್ರ ಸವೆಯುವುದು ಭೂಮಿಯ ನೆರಳಿನಿಂದ ಅಂತ ತುಂಬಾ ಜನ, ದೊಡ್ಡವರೂ, ನಂಬಿದ್ದಾರೆ. ನಿಂಬೆಹಣ್ಣು ಆ ನಂಬಿಕೆಯನ್ನು ಬಿಡಿಸುತ್ತದೆ. ಅಷ್ಟಮಿಯ ಹೊತ್ತಿಗೆ ತಲೆಯ ನೆರಳು ಹಣ್ಣಿನ ಹತ್ತಿರವೂ ಇರುವುದಿಲ್ಲ. ಹಾಗಿದ್ದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆ. ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ದಾಟಿ ಹೋಗುತ್ತಾನೆ.

ಹೆಜ್ಜೆ 7: ಪರದೆಯಲ್ಲಿ ಸಿಗದ ದೂರವನ್ನು ಮೈದಾನದಲ್ಲಿ ಅಳೆಯಿರಿ

ಬಾಸ್ಕೆಟ್‌ಬಾಲ್ ಭೂಮಿ ಅಂತಿಟ್ಟುಕೊಳ್ಳಿ, ಟೆನಿಸ್ ಬಾಲ್ ಚಂದ್ರ. ಗಾತ್ರದ ಲೆಕ್ಕ ಸರಿಯಾಗಿ ಕೂರುತ್ತದೆ. ಎರಡನ್ನೂ ಎಷ್ಟು ದೂರ ಇಡಬೇಕು ಅಂತ ಮಕ್ಕಳನ್ನೇ ಕೇಳಿ. ಒಂದು ಮೊಳ, ಎರಡು ಮೊಳ ಅನ್ನುತ್ತಾರೆ. ಉತ್ತರ ಸುಮಾರು 7.2 ಮೀಟರ್. ಈಗ ಬಾಹ್ಯಾಕಾಶ ನಿಲ್ದಾಣ ಎಲ್ಲಿ? ಅದು ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಈ ಅಳತೆಯಲ್ಲಿ ಚೆಂಡಿನ ಮೈಯಿಂದ 7–8 ಮಿಲಿಮೀಟರ್ ಮೇಲೆ, ಅಷ್ಟೇ. ಮೋಡದ ಚಿತ್ರ ಕಳಿಸುವ ಇನ್ಸಾಟ್ 36,000 ಕಿ.ಮೀ.ನಲ್ಲಿ, ಅಂದರೆ ಚೆಂಡಿನಿಂದ 67 ಸೆಂಟಿಮೀಟರ್. ದಾರ ಕಟ್ಟಿ ಮೂರಕ್ಕೂ ಗುರುತು ಹಾಕಿಸಿ.

ಸೌರವ್ಯೂಹಕ್ಕೆ ರಾಗಿಕಾಳು ಹಿಡಿಯಿರಿ. ಭೂಮಿ ಒಂದು ರಾಗಿಕಾಳಾದರೆ ಸೂರ್ಯ 14 ಸೆಂ.ಮೀ. ಅಗಲದ ರಟ್ಟಿನ ಬಿಲ್ಲೆ. ನಡುವೆ 15 ಮೀಟರ್, ದೊಡ್ಡವರ 20 ಹೆಜ್ಜೆ. ಗುರು ಗ್ರಹ ಒಂದು ಗೋಲಿ, 80 ಮೀಟರ್ ಆಚೆ. ನೆಪ್ಚೂನ್ ಮೆಣಸಿನ ಕಾಳು, ಸುಮಾರು 460 ಮೀಟರ್ ದೂರ. ಶಾಲೆಯ ಕಾಂಪೌಂಡ್ ದಾಟಿ ರಸ್ತೆಗೆ ಹೋಗಬೇಕಾಗುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಇದೇ ಲೆಕ್ಕದಲ್ಲಿ 4,000 ಕಿ.ಮೀ.ಗೂ ಆಚೆ. ಮಕ್ಕಳು ರಾಗಿಕಾಳು ಕಳೆದುಹಾಕುತ್ತಾರೆ, ಒಂದು ಹಿಡಿ ಜೇಬಿನಲ್ಲಿರಲಿ.

ಹೆಜ್ಜೆ 8: ಮಕ್ಕಳೇ ವಿಡಿಯೊ ಮಾಡಲಿ

ನೋಡುವುದಕ್ಕಿಂತ ಮಾಡುವುದರಲ್ಲಿ ಮಕ್ಕಳಿಗೆ ಆಸೆ ಹೆಚ್ಚು. ಎರಡು ಕೆಲಸ ಸುಲಭವಾಗಿ ಆಗುತ್ತವೆ.

ಒಂದು, ಬಾಟಲಿ. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದರಲ್ಲ, ಅಲ್ಲಿ ನೀರು ಉಂಡೆಯಾಗಿ ತೇಲುವ ವಿಡಿಯೊ ತೋರಿಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಪ್ರಯೋಗಕ್ಕಾಗಿ ಅವರು ಅಲ್ಲಿ ಮೆಂತ್ಯ, ಹೆಸರುಕಾಳು ಮೊಳಕೆ ಬರಿಸಿದರು, ಅದನ್ನೂ ಹೇಳಿ. ನೀರು ಯಾಕೆ ತೇಲುತ್ತದೆ ಅಂದರೆ "ಅಲ್ಲಿ ಗುರುತ್ವ ಇಲ್ಲ" ಅನ್ನುತ್ತಾರೆ. ದಾರದ ಮೇಲೆ ಹಾಕಿದ 7 ಮಿಲಿಮೀಟರ್ ಗುರುತು ತೋರಿಸಿ. ಅಷ್ಟು ಹತ್ತಿರದಲ್ಲಿ ಗುರುತ್ವ ಎಲ್ಲಿಗೆ ಹೋಗುತ್ತದೆ? ನೆಲದ ಮೇಲಿರುವುದರ ನೂರಕ್ಕೆ ಸುಮಾರು 90 ಭಾಗ ಅಲ್ಲೂ ಇದೆ. ನಿಲ್ದಾಣ, ಅದರೊಳಗಿನ ಮನುಷ್ಯರು, ನೀರು ಎಲ್ಲವೂ ಒಟ್ಟಿಗೆ ಬೀಳುತ್ತಾ ಭೂಮಿಯನ್ನು ಸುತ್ತುತ್ತಿವೆ. ಅದಕ್ಕೇ ತೇಲಿದಂತೆ ಕಾಣುತ್ತದೆ.

ಇದನ್ನು ಅಂಗಳದಲ್ಲೇ ತೋರಿಸಬಹುದು. ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಬದಿಗೆ ಒಂದು ತೂತು ಮಾಡಿ. ನೀರು ತುಂಬಿ, ಮುಚ್ಚಳ ತೆಗೆಯಿರಿ. ನೀರು ಚಿಮ್ಮುತ್ತದೆ. ಈಗ ಬಾಟಲಿಯನ್ನು ಎತ್ತರದಿಂದ ಕೈಬಿಡಿ. ಬೀಳುವಷ್ಟು ಹೊತ್ತು ನೀರು ನಿಂತುಹೋಗುತ್ತದೆ. ಕಣ್ಣಿಗೆ ಸಿಕ್ಕದು, ಹಾಗಾಗಿ ಒಬ್ಬರು ಫೋನಿನಲ್ಲಿ ಸ್ಲೋ ಮೋಷನ್ ಹಿಡಿಯಲಿ. ಆಮೇಲೆ ಎಲ್ಲರೂ ಗುಂಪುಗೂಡಿ ನೋಡಲಿ. ನೀರು, ಬಾಟಲಿ ಎರಡೂ ಒಂದೇ ವೇಗದಲ್ಲಿ ಬೀಳುವಾಗ ಒಂದನ್ನೊಂದು ತಳ್ಳುವುದಿಲ್ಲ. ಸ್ಕಾಟ್‌ನ ಸುತ್ತಿಗೆ, ಗರಿಯ ಕಥೆಯೂ ಇದೇ ಅಲ್ವಾ ಅಂತ ಯಾರಾದರೂ ಅಂದರೆ ಆವತ್ತಿನ ಪಾಠ ಅಲ್ಲಿಗೆ ಬಿಟ್ಟುಬಿಡಬಹುದು.

ಇನ್ನೊಂದು, ನೆರಳು. ಒಂದು ಕೋಲನ್ನು ನೆಟ್ಟಗೆ ನೆಟ್ಟು ಟೈಮ್‌ಲ್ಯಾಪ್ಸ್ ಹಿಡಿಯಿರಿ. ಕರ್ನಾಟಕ ಪೂರ್ತಿ ಕರ್ಕಾಟಕ ಸಂಕ್ರಾಂತಿ ವೃತ್ತದ ಕೆಳಗಿದೆ. ಅದಕ್ಕೇ ನಮ್ಮಲ್ಲಿ ಎಲ್ಲ ಊರಿಗೂ ವರ್ಷಕ್ಕೆ ಎರಡು ಸಲ ಶೂನ್ಯ ನೆರಳಿನ ದಿನ, ಅಂದರೆ ನಡುಹಗಲಿಗೆ ಸೂರ್ಯ ನೆತ್ತಿಗೆ ಬಂದು ಕೋಲಿನ ನೆರಳೇ ಕಾಣದ ದಿನ ಬರುತ್ತದೆ. ಬೆಂಗಳೂರಿಗೆ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡು ದಾಟಿ ಸ್ವಲ್ಪ ಹೊತ್ತಿಗೆ. ಉತ್ತರಕ್ಕೆ ಹೋದಂತೆ ಮೊದಲನೆಯದು ತಡ, ಎರಡನೆಯದು ಬೇಗ. ಆ ಎರಡು ದಿನಗಳ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಯುರೋಪಿನ ಮಕ್ಕಳಿಗೆ ಇದನ್ನು ತಮ್ಮ ಊರಲ್ಲಿ ನೋಡಲು ಆಗುವುದೇ ಇಲ್ಲ.

ಫೋನ್ ಕ್ಯಾಮೆರಾ ನೆರಳಿನ ಕಡೆಗಿರಲಿ, ಸೂರ್ಯನ ಕಡೆಗಲ್ಲ. 2027ರ ಆಗಸ್ಟ್ 2ರ ಸೂರ್ಯಗ್ರಹಣ ನಮ್ಮಲ್ಲಿ ಸಂಜೆ ಪಾರ್ಶ್ವವಾಗಿ ಕಾಣಲಿದೆ. ಮಳೆಗಾಲ, ಮೋಡ ಬಿಟ್ಟರೆ ಉಂಟು. ಗ್ರಹಣದ ಕನ್ನಡಕ ಇಲ್ಲದೆ ನೇರವಾಗಿ ನೋಡುವ ಹಾಗಿಲ್ಲ. ರಟ್ಟಿಗೆ ಸಣ್ಣ ತೂತು ಮಾಡಿ ಬಿಂಬವನ್ನು ಗೋಡೆ ಮೇಲೆ ಬೀಳಿಸಿ ನೋಡುವುದೇ ಕ್ಷೇಮ.

ಹೆಜ್ಜೆ 9: ಕಾಲಡಿಯ ಕಲ್ಲು

ಆಕಾಶದ ವಿಡಿಯೊ ಅಂದರೆ ಮಕ್ಕಳು ಓಡಿ ಬರುತ್ತಾರೆ, ಕಲ್ಲು ಅಂದರೆ ಆಕಳಿಸುತ್ತಾರೆ. ತಪ್ಪು ನಮ್ಮದೇ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಬಾಯಿಪಾಠ ಮಾಡಿಸುತ್ತೇವೆ. ಅಜ್ಜಿಯ ಒರಳು ಕಲ್ಲು ಹೆಚ್ಚಾಗಿ ಗ್ರಾನೈಟ್, ಅಗ್ನಿಶಿಲೆ. ಹಳೇ ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಸುಣ್ಣಕಲ್ಲು, ಕಣಶಿಲೆ. ಬೇಲೂರಿನ ಶಿಲಾಬಾಲಿಕೆಯರ ಬಳಪದ ಕಲ್ಲು ರೂಪಾಂತರ ಶಿಲೆ. ಮೂರೂ ಮಗು ಕಂಡವೇ.

ಇಲ್ಲಿ ನನಗೆ ತುಂಬಾ ಹಿಡಿಸಿದ ಪಾಠ ಒಂದಿದೆ. ಸಮುದ್ರದೊಳಗೆ ಲಾವಾ ಹರಿಯುವ ವಿಡಿಯೊ ಹಾಕಿ. ಕೆಂಪಗಿನ ಲಾವಾ ನೀರಿಗೆ ತಾಗಿದ ಕೂಡಲೇ ಮೇಲ್ಮೈ ಕಪ್ಪಾಗಿ ಗಟ್ಟಿಯಾಗುತ್ತದೆ. ಒಳಗಿನ ಬಿಸಿ ಲಾವಾ ಸಿಪ್ಪೆ ಒಡೆದು ಪಕ್ಕದಲ್ಲಿ ಮತ್ತೊಂದು ಉಬ್ಬಾಗಿ ಹೊರಬರುತ್ತದೆ. ದಿಂಬುಗಳನ್ನು ಒಟ್ಟಿದಂತೆ ಕಾಣುತ್ತದೆ, ಹೆಸರೂ ದಿಂಬು ಲಾವಾ ಅಂತಲೇ. ವಿಡಿಯೊ ನಿಲ್ಲಿಸಿ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಂಡೆಗಳ ಫೋಟೊ ತೋರಿಸಿ. ಅದೇ ಆಕಾರ. ಸುಮಾರು 250 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. "ಹಾಗಾದರೆ ಅಲ್ಲಿ ಆಗ ಏನಿತ್ತು?" ಅಂತ ಕೇಳಿ ಸುಮ್ಮನಿರಿ. ಮಳೆಗಾಗಿ ಆಕಾಶ ನೋಡುವ ಚಿತ್ರದುರ್ಗದಲ್ಲಿ ನೀರಿನಡಿ ಲಾವಾ ಹರಿದಿತ್ತು ಅನ್ನುವುದನ್ನು ಮಗು ತಾನೇ ಹೇಳಬೇಕು.

ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬದ ಬಂಡೆಗಳಿಗೆ ವಿಡಿಯೊ ಜೊತೆ ಒಂದು ತಟ್ಟೆ ಕೆಸರು ಸಾಕು. ಬಿಸಿಲಿಗೆ ಇಟ್ಟರೆ ಒಣಗುತ್ತಾ ಕುಗ್ಗಿ, ಬತ್ತಿದ ಕೆರೆಯಂಗಳದ ಹಾಗೆ ಐದು, ಆರು ಮೂಲೆಯ ತುಂಡುಗಳಾಗಿ ಬಿರಿಯುತ್ತದೆ. ಲಾವಾ ತಣಿದು ಕುಗ್ಗುವಾಗಲೂ ಹೀಗೇ ಬಿರಿಯುತ್ತದೆ. ಆ ಬಂಡೆಗಳಿಗೆ ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು. ಬೆಂಗಳೂರಿನ ಮಕ್ಕಳಿಗೆ ಲಾಲ್‌ಬಾಗ್ ಬಂಡೆ ಇದೆ, 300 ಕೋಟಿ ವರ್ಷದ ಹತ್ತಿರ ಹತ್ತಿರ. ವಿಜಯಪುರ, ಕಲಬುರಗಿ ಕಡೆಯವರಿಗೆ ಕಾಲಡಿಯ ಎರೆಮಣ್ಣೇ ಸಾಕ್ಷಿ. ಅದು ದಖನ್ನಿನ ಲಾವಾ ಕಲ್ಲು ಸವೆದು ಆದದ್ದು.

ಮುಂಗಾರಿನ ಬಗ್ಗೆ ಎರಡು ಮಾತು. ಮೇ ಕೊನೆಯ ವಾರದಿಂದ ದಿನಾ ಬೆಳಿಗ್ಗೆ ಇನ್ಸಾಟ್ ಚಿತ್ರಗಳನ್ನು ಓಡಿಸಿ ಒಂದೇ ನಿಮಿಷ ನೋಡಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಮೋಡದ ದಂಡು ಎಲ್ಲಿಗೆ ಬಂತು ಅಂತ ಭೂಪಟದಲ್ಲಿ ಪೆನ್ಸಿಲ್ ಗೆರೆ ಎಳೆಯಲಿ. ಒಂದು ಬಟ್ಟಲು ಮರಳು, ಒಂದು ಬಟ್ಟಲು ನೀರು ಬಿಸಿಲಿಗಿಟ್ಟು ಅರ್ಧ ಗಂಟೆ ಬಿಟ್ಟು ಬೆರಳಿಟ್ಟು ನೋಡಲಿ. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಗಾಳಿ ಕಡಲಿನಿಂದ ಒಳಗೆ ಬರುವುದಕ್ಕೆ ಮುಖ್ಯ ಕಾರಣ ಅದೇ. ಘಟ್ಟದ ಮೇಲಿನ ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಮಳೆ, ಘಟ್ಟದ ಆಚೆ ಚಳ್ಳಕೆರೆಯಲ್ಲಿ ಬರ ಯಾಕೆ ಅನ್ನುವುದನ್ನು ಅದೇ ಮೋಡದ ಚಿತ್ರದಲ್ಲಿ ಹುಡುಕಿಸಿ.

ಹೆಜ್ಜೆ 10: ನಿಜವಾದ ಚಿತ್ರ ಯಾವುದು, ಬಿಡಿಸಿದ್ದು ಯಾವುದು?

2023ರ ಆಗಸ್ಟ್ 23ರ ಸಂಜೆ 6 ಗಂಟೆ ದಾಟಿ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲಿಳಿದಾಗ, ಬೆಂಗಳೂರಿನ ಪೀಣ್ಯದ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ ಬಂದ ನೇರಪ್ರಸಾರದಲ್ಲಿ ನಾವು ಕಂಡ ನೌಕೆ ಕಂಪ್ಯೂಟರ್ ಚಿತ್ರ. ನೌಕೆ ಕಳಿಸಿದ ಅಂಕಿಗಳ ಜೊತೆಗೆ ಅದು ಓಡುತ್ತಿತ್ತು. ನೌಕೆಯ ಕ್ಯಾಮೆರಾ ಕಂಡ ದೃಶ್ಯವನ್ನು ಇಸ್ರೋ ಆಮೇಲೆ ಬಿಡುಗಡೆ ಮಾಡಿತು. ಎರಡನ್ನೂ ಹಿಂದೆ ಮುಂದೆ ಹಾಕಿ. ಯಾವುದು ಕ್ಯಾಮೆರಾ, ಯಾವುದು ಚಿತ್ರ, ಹೇಗೆ ಗೊತ್ತಾಯಿತು? ನೌಕೆಯನ್ನು ಹೊರಗಿನಿಂದ ತೋರಿಸುವ ದೃಶ್ಯ ಅಂದರೆ ಅಲ್ಲಿ ಕ್ಯಾಮೆರಾ ಹಿಡಿದವರು ಯಾರು? ಈ ಒಂದು ಪ್ರಶ್ನೆ ಕಲಿತರೆ ಮಗು ಮುಂದೆ ಎಐ ಮಾಡಿದ ಸುಳ್ಳು ವಿಡಿಯೊಗಳನ್ನೂ ಹಾಗೇ ಕೇಳುತ್ತದೆ. ಲ್ಯಾಂಡರ್‌ನ ಇಳಿಜಾರಿನಿಂದ ಪುಟ್ಟ ಗಾಡಿ ಪ್ರಜ್ಞಾನ್ ಇಳಿದು ಬರುವ ವಿಡಿಯೊ ಕೂಡ ನಿಜವಾದದ್ದು, ತೆಗೆದದ್ದು ವಿಕ್ರಮ್‌ನ ಕ್ಯಾಮೆರಾ. ಪ್ರಜ್ಞಾನ್‌ನಂತೆ ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ನಡೆಯಲು ಮಕ್ಕಳಿಗೆ ಹೇಳಿ ನೋಡಿ, ನಗು ತಡೆಯಲಾಗುವುದಿಲ್ಲ.

ಕಲಿತರೋ ಇಲ್ಲವೋ ತಿಳಿಯುವುದು

ಪ್ರಶ್ನೆಪತ್ರಿಕೆ ಬೇಡ. ತಿಂಗಳು ಬಿಟ್ಟು ಅದೇ ವಿಡಿಯೊವನ್ನು ದನಿ ಇಲ್ಲದೆ ಹಾಕಿ, ಮಗುವೇ ವಿವರಣೆ ಕೊಡಲಿ. ನೀವು ಮಧ್ಯೆ ಬಾಯಿ ಹಾಕಬೇಡಿ. ಎಲ್ಲಿ ತಡವರಿಸುತ್ತದೆ, ಎಲ್ಲಿ ಪುಸ್ತಕದ ಮಾತು ಹೇಳಿ ಜಾರಿಕೊಳ್ಳುತ್ತದೆ ಅಂತ ಗುರುತು ಹಾಕಿಕೊಳ್ಳಿ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೋ ಮಂಗಳೂರಿನ ಪಿಲಿಕುಳಕ್ಕೋ ಕರೆದುಕೊಂಡು ಹೋಗುವುದಿದ್ದರೆ ಇದಾದ ಮೇಲೆ ಹೋಗಿ. ಆಗ ಮಗುವಿನ ಕೈಯಲ್ಲಿ ಅದರದೇ ಪ್ರಶ್ನೆಗಳ ಪಟ್ಟಿ ಇರುತ್ತದೆ. ಅಲ್ಲಿನವರು ಉತ್ತರ ಹೇಳಲೆಂದೇ ಇದ್ದಾರೆ, ಕೇಳಿಸಿ.